ನಮ್ಮ ಬೀದಿಯ ಸೊಂಟದ ಸುತ್ತಳತೆ

ನಾನು ಹೊಲಿದ ಪ್ಯಾಂಟಿಗೆ ಬೆಲ್ಟು ಬಿಗಿದವನು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ. ನಾನು ಹೊಲಿದ ಅಂಗಿಯ ಕಂಕುಳು ಹರಿಯಿತು ಎಂದು ದೂರಿದವರು ಹುಟ್ಟಿರಬಹುದು, ಆದರೆ ಹೆಚ್ಚು ದಿನ ಬಾಳಿಲ್ಲ. ನಾನು ಟೈಲರ್. ನಮ್ಮ ಏರುಬೀದಿಯ ತುತ್ತತುದಿಯಲ್ಲಿ ನನ್ನ ಅಂಗಡಿ. ಅದರ ಗೋಡೆಗೆ ಅಂಟಿಕೊಂಡಂತೆ ನನ್ನ ಹೆಂಡತಿಯ ಅಣ್ಣನ ಬೇಕರಿ. ಗಿರಾಕಿಗಳು ನನ್ನ ಹತ್ತಿರ ಅಳತೆ ಕೊಟ್ಟು, ಭಾವನ ಹತ್ತಿರ ಕೇಕು ತಿಂದು, ಮತ್ತೆ ನನ್ನ ಹತ್ತಿರವೇ ಬಂದು ಪ್ಯಾಂಟು ಸಡಿಲ ಮಾಡಿಸಿಕೊಂಡು ಹೋಗುತ್ತಿದ್ದರು. ಎರಡು ಸಂಸಾರಗಳು ಹೀಗೆ ಒಂದೇ ಹೊಟ್ಟೆಯ ಮೇಲೆ ನೆಮ್ಮದಿಯಾಗಿ ನಡೆಯುತ್ತಿದ್ದವು. ಈ ನೆಮ್ಮದಿಯ ಮೇಲೆ ಆರೋಗ್ಯ ಇಲಾಖೆಯ ಕಣ್ಣು ಬಿತ್ತು.

ಒಂದು ಬೆಳಿಗ್ಗೆ ಧ್ವನಿವರ್ಧಕ ಕಟ್ಟಿದ ವ್ಯಾನೊಂದು ಏದುಸಿರು ಬಿಡುತ್ತ ನಮ್ಮ ಬೀದಿ ಹತ್ತಿತು. "ಗಟ್ಟಿ ಕುಟುಂಬ, ಗಟ್ಟಿ ನಾಡು! ಮನೆಮಂದಿಯೆಲ್ಲ ನಡೆಯಿರಿ! ಸಿಹಿ ಕಡಿಮೆ ಮಾಡಿ! ಸೊಂಟ ಅಳೆಸಿಕೊಳ್ಳಿ!" ಎಂದು ಅರಚಿತು. ಪ್ರತಿ ಮನೆಯವರ ಸೊಂಟ ಅಳೆದು, ಬಾಗಿಲಿಗೆ ಬಣ್ಣದ ಚೀಟಿ ಅಂಟಿಸುತ್ತಾರಂತೆ. ಹಸಿರು ಅಂದರೆ ಕ್ಷೇಮ. ಹಳದಿ ಅಂದರೆ ಹುಷಾರು. ಕೆಂಪು ಅಂದರೆ, ವ್ಯಾನಿನ ಗಂಟಲು ಅಲ್ಲಿ ಸ್ವಲ್ಪ ತಗ್ಗಿತು, ಅಪಾಯ.

ವ್ಯಾನಿನ ಹಿಂದೆಯೇ ನಡೆದುಬಂದವರು ನರ್ಸಮ್ಮ. ಬಿಳಿ ಕೋಟು, ಹೆಗಲಿಗೆ ಚೀಲ, ಚೀಲದ ತುಂಬ ಚೀಟಿ. ಇಲ್ಲದ್ದು ಒಂದೇ, ಅಳೆಯುವ ಟೇಪು.

"ಟೇಪ್ ಮಂಜೂರಾಗಿದೆ ಟೈಲರ್, ಇನ್ನೂ ಬಂದಿಲ್ಲ," ಎಂದರು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಸಿದು. "ನಿಮ್ಮದನ್ನ ಸ್ವಲ್ಪ ದಿನಕ್ಕೆ ಕೊಡ್ತೀರಾ?"

"ಟೇಪ್ ಕೊಡೋದಾ?" ನಾನು ಹೊಲಿಗೆ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದೆ. "ಹಾಡೋರ ಮನೆಗೆ ಹೋಗಿ, ನಿಮ್ಮ ಗಂಟಲು ಒಂದು ವಾರಕ್ಕೆ ಕೊಡಿ ಅಂತ ಕೇಳ್ತೀರಾ ಸಿಸ್ಟರ್? ಟೇಪ್ ಬೇಕು ಅಂದ್ರೆ ಜೊತೆಗೆ ನಾನೂ ಬರ್ತೀನಿ. ನಾನು ಅಳೀತೀನಿ, ನೀವು ಚೀಟಿ ಅಂಟಿಸಿ."

ಸರ್ಕಾರ ನನ್ನನ್ನು ಹುಡುಕಿಕೊಂಡು ಬಂದದ್ದು ಹೀಗೆ. ನರ್ಸಮ್ಮ ಟೇಪನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದರು. ಅದು ಸಾಮಾನ್ಯ ಟೇಪಲ್ಲ. ಅಪ್ಪಟ ಹತ್ತಿಬಟ್ಟೆಯದು, ನನ್ನ ಗುರುಗಳ ಕೈಯಿಂದ ಬಂದದ್ದು. ಅದರ ಮೇಲೆ ಸೀಮೆಸುಣ್ಣ, ಯಂತ್ರದ ಎಣ್ಣೆ, ನೂರಾರು ಮಹನೀಯರ ಬೆವರು ಪದರ ಪದರವಾಗಿ ಕೂತಿತ್ತು.

"ಅಯ್ಯೋ ದೇವರೇ! ಇದನ್ನ ಚೆನ್ನಾಗಿ ಕುದಿಸಿ," ಎಂದರು ನರ್ಸಮ್ಮ. "ಜನರ ಮೈಗೆ ತಾಗೋದನ್ನೆಲ್ಲ ಕುದಿಸಲೇಬೇಕು ಅಂತ ನಮ್ಮ ದೊಡ್ಡ ಡಾಕ್ಟರ್ ಆರ್ಡರ್."

ನನ್ನ ಹೆಂಡತಿ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವಳಲ್ಲ. ಪಾತ್ರೆಯಲ್ಲಿ ನೀರು, ನೀರಿನಲ್ಲಿ ಸೋಡಾಪುಡಿ, ಅದರಲ್ಲಿ ನನ್ನ ಟೇಪು. ಅದು ಹಳೆಯ ಪಾಪಗಳನ್ನೆಲ್ಲ ಬಾಯಿಬಿಡುವವರೆಗೆ ಕುದಿಸಿದಳು. ಹಿಂಡಿದಳು. ಬಿಸಿಲಿಗೆ ಹಾಕಿದಳು. ಮೇಲೆ ಇಸ್ತ್ರಿಯನ್ನೂ ಎಳೆದಳು. ಟೇಪು ಎಳೆಮಗುವಿನಂತೆ ಬೆಳ್ಳಗಾಗಿ ನನ್ನ ಕತ್ತಿಗೆ ಬಂತು. ಯಾಕೋ ಮೊದಲಿನಷ್ಟು ಕೆಳಗೆ ಇಳಿಬೀಳುತ್ತಿಲ್ಲ ಅನ್ನಿಸಿತು. ಸರ್ಕಾರಿ ಹುದ್ದೆ ಸಿಕ್ಕ ಮೇಲೆ ನನ್ನ ಎದೆಯೇ ಉಬ್ಬಿದೆ, ಅದಕ್ಕೇ ಹಾಗೆ ಅಂದುಕೊಂಡೆ.

ಮೊದಲು ಅಳೆದದ್ದು ಹೆಂಡತಿಯನ್ನೇ. ನಮ್ಮ ಬಾಗಿಲಿಗೆ ಹಸಿರು ಚೀಟಿ ಬಿದ್ದರೆ ಉಳಿದವರಿಗೆ ಮಾದರಿಯಾಗುತ್ತದೆ ಎಂಬುದು ನನ್ನ ಲೆಕ್ಕ. ಟೇಪು ಸುತ್ತಿದೆ. ಓದಿದೆ. ಕಣ್ಣು ಉಜ್ಜಿಕೊಂಡು ಮತ್ತೆ ಓದಿದೆ. ನರ್ಸಮ್ಮ ಬಗ್ಗಿ ನೋಡಿದರು. ಚೀಲಕ್ಕೆ ಕೈಹಾಕಿ ಕೆಂಪು ಚೀಟಿ ತೆಗೆದರು.

"ಏನ್ರೀ ಇದು?" ಹೆಂಡತಿಯ ದನಿ ಎಲ್ಲಿಂದಲೋ ಬಂತು. "ನಾನು ಕೆಂಪಾ? ಮದುವೆ ರವಿಕೆ ಇವತ್ತಿಗೂ ಹಿಡಿಯುತ್ತೆ ನಂಗೆ!"

"ರವಿಕೆಗೆ ದಾಕ್ಷಿಣ್ಯ ಇರುತ್ತೆ ಕಣೇ, ಹಿಗ್ಗುತ್ತೆ. ಟೇಪಿಗೆ ದಾಕ್ಷಿಣ್ಯ ಇಲ್ಲ."

ಆ ದಿನ ಮಧ್ಯಾಹ್ನ ನನಗೆ ಊಟ ಸಿಗಲಿಲ್ಲ. ಆರೋಗ್ಯ ಅಭಿಯಾನದ ಮೊದಲ ಫಲಾನುಭವಿ ನಾನೇ.

ಎರಡನೆಯವನು ಕ್ಷೌರದ ಅಂಗಡಿಯ ರೇಡಿಯೋ. ಬೀದಿಯ ಸುದ್ದಿಯನ್ನೆಲ್ಲ ಕತ್ತರಿಯ ತಾಳಕ್ಕೆ ಬಿತ್ತರಿಸುವವನಾದ್ದರಿಂದ ಆ ಹೆಸರು. ಅವನು ಅಡ್ಡ ತಿರುಗಿ ನಿಂತರೆ ಕನ್ನಡಿಯಲ್ಲಿ ಕಾಣುವುದಿಲ್ಲ, ಅಷ್ಟು ತೆಳು. ಅವನಿಗೂ ಹಳದಿ ಬಿತ್ತು.

"ಹಳದೀನಾ?" ರೇಡಿಯೋ ತನ್ನ ಹೊಟ್ಟೆ ಇರಬೇಕಾದ ಜಾಗವನ್ನು ಸವರಿಕೊಂಡ. "ನನ್ನನ್ನ ಗಾಳಿ ಹೊತ್ಕೊಂಡು ಹೋಗುತ್ತೆ ಅಂತ ನಮ್ಮಮ್ಮ ಜೇಬಲ್ಲಿ ಕಲ್ಲು ಹಾಕಿ ಶಾಲೆಗೆ ಕಳಿಸ್ತಿದ್ಲು. ನಂಗೆ ಹುಷಾರು ಅಂತೀರಾ?"

"ಒಳಗೊಳಗೇ ದಪ್ಪ ಆಗೋದು ಇನ್ನೂ ಅಪಾಯ," ಎಂದೆ ನಾನು ಗಂಭೀರವಾಗಿ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹುದ್ದೆಯಲ್ಲಿ ಕೂತಾಗ ಜ್ಞಾನ ತಾನಾಗಿ ಬರುತ್ತದೆ.

ರೇಡಿಯೋ ಅಂಗಡಿಗೆ ಓಡಿದ. ಅರ್ಧ ಬೋಳಿಸಿದ ಗಡ್ಡದ ಗಿರಾಕಿಯೊಬ್ಬ ಸಾಬೂನಿನ ನೊರೆಯೊಂದಿಗೇ ಬೀದಿಗೆ ಬಂದು ಸೊಂಟ ಅಳೆಸಿಕೊಂಡು, ಕೆಂಪಾಗಿ, ನೊರೆಯೊಂದಿಗೇ ಮನೆಗೆ ಹೋದ. ಸಂಜೆಯ ಹೊತ್ತಿಗೆ ಸುದ್ದಿ ಇಳಿಜಾರಿನಲ್ಲಿ ಉರುಳಿ ಬೀದಿಯ ಬುಡ ಮುಟ್ಟಿತು. ಮುಂದಿನ ದಿನಗಳಲ್ಲಿ ನಾವು ಮನೆಯಿಂದ ಮನೆಗೆ ಹೋದೆವು. ಕೆಂಪು. ಕೆಂಪು. ಹಳದಿ. ಕೆಂಪು. ಶಾಲೆಯ ಟೀಚರಮ್ಮ ತಮ್ಮ ಚೀಟಿ ನೋಡಿ ಮೂರ್ಛೆ ಹೋಗಲು ಕುರ್ಚಿ ಹುಡುಕಿದರು; ಕೂತರೆ ಸೊಂಟ ಇನ್ನೂ ದಪ್ಪ ಕಾಣುತ್ತದೆ ಎಂದು ಹೆದರಿ ನಿಂತೇ ಮೂರ್ಛೆ ಹೋದರು. ಒಬ್ಬ ನಿವೃತ್ತ ಗುಮಾಸ್ತರು ಮಾತ್ರ ವಾದಕ್ಕೆ ನಿಂತರು.

"ನನ್ನ ಹಳೇ ಪ್ಯಾಂಟು ಹಾಗೇ ಸರಿಯಾಗಿದೆಯಲ್ಲಪ್ಪಾ? ನೀನೇ ಹೊಲಿದಿದ್ದು."

"ಅದು ನನ್ನ ಹೊಲಿಗೆಯ ಒಳ್ಳೇತನ ಸಾರ್. ನಿಮ್ಮ ಜೊತೆ ಜೊತೆಗೇ ಬೆಳೆದಿದೆ."

ಅವರು ಪ್ಯಾಂಟನ್ನು ಕೃತಜ್ಞತೆಯಿಂದ ಸವರಿ, ಬಾಗಿಲು ಹಾಕಿಕೊಂಡರು.

ಹೊಸ ಬಟ್ಟೆ ಹೊಲಿಸಿದವರಿಗೂ ಒಂದು ನೂಲೂ ಹೆಚ್ಚು ಕಡಿಮೆಯಾಗಲಿಲ್ಲ. ಆಗುವುದು ಹೇಗೆ? ಯಾವ ಟೇಪಿನಲ್ಲಿ ಮೈ ಅಳೆಯುತ್ತೇನೋ ಅದೇ ಟೇಪಿನಲ್ಲೇ ಬಟ್ಟೆಯನ್ನೂ ಅಳೆದು ಕತ್ತರಿಸುತ್ತೇನೆ. ಹೊಲಿದದ್ದು ಸರಿಯಾಗಿ ಕೂತಿತು ಅಂದರೆ ಟೇಪು ಸರಿ. ಟೇಪು ಸರಿ ಅಂದರೆ ಬೀದಿ ದಪ್ಪ. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಯಾವ ಕೋರ್ಟಿಗೆ ಬೇಕು?

ಆಮೇಲೆ ನಮ್ಮ ಬೀದಿ ಕಂಡದ್ದನ್ನು ಯಾವ ಬೀದಿಯೂ ಕಂಡಿಲ್ಲ. ಬೆಳಕು ಹರಿಯುವುದೇ ತಡ, ಗಂಡಂದಿರು, ಹೆಂಡಂದಿರು, ಮಕ್ಕಳು, ಅತ್ತೆಯರು, ಎಲ್ಲರೂ ಸಾಲಾಗಿ ಏರು ಹತ್ತುತ್ತಿದ್ದರು. ಇಷ್ಟು ಜನ ಯಾರನ್ನು ಅಟ್ಟಿಸಿಕೊಂಡು ಹೊರಟಿದ್ದಾರೆ ಎಂದು ತಿಳಿಯದೆ ನಾಯಿಗಳು ಬೊಗಳುವುದನ್ನೇ ಮರೆತವು. ಹಾಲಿನವನು ತನ್ನ ಸೈಕಲ್ಲನ್ನು ತಳ್ಳಿಕೊಂಡೇ ಬರತೊಡಗಿದ. ಚಹಾದಲ್ಲಿ ಸಕ್ಕರೆ ಕೇಳಿದ ಅತಿಥಿಯನ್ನು ಒಂದು ಮನೆಯವರು ಬಾಗಿಲವರೆಗೆ ಬಿಟ್ಟು ಬಂದರು.

ಮತ್ತೆ ಬೇಕರಿ? ಭಾವನ ಗಾಜಿನ ಪೆಟ್ಟಿಗೆಯಲ್ಲಿ ಕೇಕುಗಳು ಬೆಳಿಗ್ಗೆ ಇಟ್ಟ ಹಾಗೆಯೇ ಸಂಜೆಯೂ ಕೂತಿರುತ್ತಿದ್ದವು. ಜನ ಆ ಕಡೆ ಹೋಗುವಾಗ ಮುಖ ತಿರುಗಿಸಿ, ಉಸಿರು ಬಿಗಿಹಿಡಿದು ದಾಟುತ್ತಿದ್ದರು. ಬನ್ನಿನ ವಾಸನೆಗೇ ಸೊಂಟ ಹಿಗ್ಗುತ್ತದೆ ಎಂದು ರೇಡಿಯೋ ಬಿತ್ತರಿಸಿದ್ದ.

ಒಂದು ಸಂಜೆ ಭಾವ ನನ್ನ ಅಂಗಡಿಯ ಹೊಸ್ತಿಲಿಗೆ ಬಂದು ನಿಂತ. ದೊಡ್ಡ ಆಳು. ಹಿಟ್ಟು ನಾದಿ ನಾದಿ ಮೊಳಕೈವರೆಗೂ ಗಟ್ಟಿಯಾದ ತೋಳು. ಆ ತೋಳಲ್ಲಿ ಅವತ್ತು ಹಿಟ್ಟಿರಲಿಲ್ಲ.

"ನೋಡಪ್ಪಾ ಟೈಲರ್," ಎಂದ, "ತಿಂಗಳ ಕೊನೆಗೆ ಮುಚ್ತಾ ಇದೀನಿ. ಮಗಳ ಊರಿಗೆ ಹೋಗಿಬಿಡ್ತೀನಿ. ಗುಜರಿಯವನು ಭಟ್ಟಿ ತಗೋತೀನಿ ಅಂದಿದಾನೆ, ಕಬ್ಬಿಣದ ಲೆಕ್ಕಕ್ಕೆ."

"ಭಟ್ಟೀನಾ? ಆ ಭಟ್ಟಿ ಇಲ್ದೆ ನೀನು ಏನ್ ಮಾಡ್ತೀಯಾ ಭಾವ?"

"ಮಗಳ ಮನೇಲಿ ಗ್ಯಾಸ್ ಒಲೆ ಇದೆಯಂತೆ. ಅದರ ಮುಂದೆ ಕೂತ್ಕೋತೀನಿ." ಅವನು ನಗಲು ಪ್ರಯತ್ನಿಸಿದ. "ನಿನ್ನ ತಪ್ಪಲ್ಲ ಬಿಡು. ಜನ ಬದುಕಬೇಕಲ್ಲ. ನಾನು ಇಷ್ಟು ವರ್ಷ ಬೀದಿಗೆಲ್ಲ ವಿಷ ತಿನ್ನಿಸ್ತಿದ್ದೆ ಅಂತ ಗೊತ್ತಿರಲಿಲ್ಲ ನೋಡು."

ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಂಡ ನನ್ನ ಹೆಂಡತಿ, ಅವನು ಹೋದ ಮೇಲೆ ಹೊರಗೆ ಬಂದಳು. ಅಪ್ಪ ಅಮ್ಮ ಇಲ್ಲದವಳನ್ನು ಆ ಭಟ್ಟಿಯ ಬಿಸಿಯಲ್ಲೇ ಸಾಕಿದವನು ಅವನು. ಅವಳ ಮದುವೆ ಮಾಡಿ, ದೂರ ಕಳಿಸಲು ಮನಸ್ಸಾಗದೆ ಪಕ್ಕದ ಅಂಗಡಿಯನ್ನೇ ನನಗೆ ಕೊಡಿಸಿದವನು. ಅವಳು ಕೂಗಾಡಲಿಲ್ಲ. ಅದಕ್ಕೇ ನನಗೆ ಭಯವಾಯಿತು.

"ಆ ಟೇಪು ಸರಿ ಇದೆಯೇನ್ರೀ?"

"ನನ್ನ ಟೇಪಾ?"

"ಹೌದು. ನಿಮ್ಮ ಟೇಪೇ."

"ಸೂರ್ಯ ಪೂರ್ವದಲ್ಲಿ ಹುಟ್ಟೋದನ್ನ ಮರೀಬಹುದು ಕಣೇ, ಈ ಟೇಪು—"

"ಅಣ್ಣ ಈ ಬೀದಿ ಬಿಟ್ಟ ದಿನ ನಿಮ್ಮ ಟೇಪಿನ ಜೊತೇನೇ ಸಂಸಾರ ಮಾಡಿ," ಎಂದು ಹೇಳಿ ಒಳಗೆ ಹೋದಳು.

ಇತ್ತ ಇಲಾಖೆಯಲ್ಲಿ ದೊಡ್ಡ ಗಾಬರಿಯೇ ಎದ್ದಿತ್ತು. ಇಡೀ ಪಟ್ಟಣದಲ್ಲಿ ಬೀದಿಗೆ ಬೀದಿಯೇ ಕೆಂಪಾದದ್ದು ನಮ್ಮದೊಂದೇ. ಇದು ರೋಗವೋ, ನೀರಿನ ದೋಷವೋ, ವಂಶವಾಹಿಯೋ ಎಂದು ದೊಡ್ಡ ಡಾಕ್ಟರ್ ಸಾಹೇಬರು ಮೇಜು ಗುದ್ದಿದರಂತೆ. ಕೊನೆಗೆ ತಾವೇ ಬಂದು, ಶಾಲೆಯ ಅಂಗಳದಲ್ಲಿ ಸಭೆ ಮಾಡಿ, 'ಕೆಂಪು ಬೀದಿಯನ್ನು ಹಸಿರು ಮಾಡುವ' ಭಾಷಣ ಮಾಡುವುದೆಂದು ತೀರ್ಮಾನವಾಯಿತು.

ನನ್ನಂಥವನು ಸುಮ್ಮನೆ ಇರುವುದುಂಟೇ? "ಸಾಹೇಬರಿಗೆ ನನ್ನ ಕಡೆಯಿಂದ ಒಂದು ಕೋಟು," ಎಂದು ನರ್ಸಮ್ಮನಿಗೆ ಹೇಳಿ ಕಳಿಸಿದೆ. ಅಂಗಡಿಯ ಮೇಲೆ ಹಾಕಬೇಕಾದ ಬೋರ್ಡಿನ ಅಕ್ಷರಗಳೂ ಮನಸ್ಸಿನಲ್ಲಿ ಸಿದ್ಧವಾಗಿದ್ದವು. ಸಾಹೇಬರು ಅಳತೆ ಕೊಡಲು ಬರುವಷ್ಟು ಬಿಡುವಿಲ್ಲದವರು. ತಮ್ಮ ಟೈಲರ್ ತೆಗೆದ ಅಳತೆಯನ್ನು ಫೋನಿನಲ್ಲಿ ಹೇಳಿಸಿದರು. ನಾನು ಅಂಕಿಗಳನ್ನು ಕೇಳಿಕೊಂಡು ಬಟ್ಟೆ ಹಾಸಿ, ನನ್ನ ಟೇಪು ಹಿಡಿದು, ಗುರುತು ಹಾಕಿ ಕತ್ತರಿಸಿದೆ. ನೀಲಿ ಬಟ್ಟೆ, ಹೊಳೆಯುವ ಗುಂಡಿ, ಒಳಗೆ ರೇಷ್ಮೆಯಂಥ ಅಸ್ತರ್ ಬಟ್ಟೆ. ಅಂಥ ಕೋಟನ್ನು ನೋಡಿದರೆ ಚಳಿಗಾಲವೂ ಬೇಗ ಬರಬೇಕು ಅನ್ನುತ್ತದೆ.

ಸಭೆಯ ದಿನ ಶಾಲೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಸಿವಿನಿಂದ ಕಂಗೆಟ್ಟ ಜನ ಬೆಂಚುಗಳ ಮೇಲೆ ಬತ್ತಿದ ಬಳ್ಳಿಗಳಂತೆ ಒರಗಿದ್ದರು. ವೇದಿಕೆಯ ಮೇಲೆ ದೊಡ್ಡ ಡಾಕ್ಟರ್, ನರ್ಸಮ್ಮ, ಟೀಚರಮ್ಮ, ನಾನು. ಇಲಾಖೆಯ ಫೋಟೋಗ್ರಾಫರ್ ಕೆಳಗೆ ಮಂಡಿಯೂರಿ ಕೂತಿದ್ದ. ಭಾವ ಬಂದಿರಲಿಲ್ಲ. ಹೆಂಡತಿಯೂ ಕಾಣಲಿಲ್ಲ.

ಸಾಹೇಬರು ಮೈ ಕಾಪಾಡಿಕೊಂಡ ಮನುಷ್ಯ, ನೆಟ್ಟಗಿನ ಬೆನ್ನು. ಮೈಕಿನ ಮುಂದೆ ನಿಂತು, "ನನ್ನನ್ನೇ ನೋಡಿ. ಓದು ಮುಗಿಸಿದಾಗ ಇದ್ದ ಸೊಂಟವೇ ಇವತ್ತಿಗೂ!" ಎಂದರು. ಜನ ಅಸೂಯೆಯಿಂದ ಚಪ್ಪಾಳೆ ತಟ್ಟಿದರು. ಅದೇ ಗಳಿಗೆಗೆ ನಾನು ಕೋಟು ಬಿಡಿಸಿ ಹಿಡಿದೆ.

ಸಾಹೇಬರು ಒಂದು ತೋಳು ತೂರಿಸಿದರು. ಇನ್ನೊಂದು ತೋಳಿಗಾಗಿ ಹಿಂದಕ್ಕೆ ಬಾಗಿದರು, ಪಕ್ಕಕ್ಕೆ ಬಾಗಿದರು, ಉಸಿರು ಹೊರಗೆ ಬಿಟ್ಟರು. ನಾನೂ ನರ್ಸಮ್ಮನೂ ಸೇರಿ ಒಳಗೆ ತುಂಬಿದೆವು. ಗುಂಡಿಗಳನ್ನು ಹಾಕಿದೆ, ನನ್ನ ಗುಂಡಿಗಳು ಗಟ್ಟಿ. ಸಾಹೇಬರ ಮುಖ ಮಾತ್ರ ಕೋಟಿನ ಬಣ್ಣಕ್ಕೇ ತಿರುಗತೊಡಗಿತು. "ಧನ್ಯ..." ಎಂದು ಮೈಕಿಗೆ ಬಾಯಿಟ್ಟರು. "ವಾದ" ಎನ್ನಲು ಉಸಿರೆಳೆದುಕೊಂಡರು.

ಮೊದಲ ಗುಂಡಿ ಟೀಚರಮ್ಮನ ಕನ್ನಡಕಕ್ಕೆ ಹೊಡೆಯಿತು. ಎರಡನೆಯದು ಫೋಟೋಗ್ರಾಫರನ ಹಣೆಗೆ. ಮೂರನೆಯದು ಎಲ್ಲಿ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ. ಅದು ಇನ್ನೂ ಹಾರುತ್ತಿರಬೇಕು. ಬೆನ್ನ ಹೊಲಿಗೆ ಕತ್ತಿನಿಂದ ಸೊಂಟದವರೆಗೆ ಬಾಯಿಬಿಟ್ಟಿತು.

ನನ್ನ ಜೀವಮಾನದಲ್ಲಿ ನನ್ನ ಹೊಲಿಗೆ ಬಿಚ್ಚಿದ್ದು ಅದೇ ಮೊದಲು. ಹೀಗಾದಾಗ ಮಹಾಪುರುಷರು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಮೈಕು ತೆಗೆದುಕೊಂಡೆ.

"ಬಂಧುಗಳೇ, ಕೋಟು ಸರಿಯಾಗಿದೆ. ಸಾಹೇಬರು ದಪ್ಪ ಆಗಿದಾರೆ!"

"ಏನಯ್ಯಾ ಅಂದೆ?" ಸಾಹೇಬರು ಹರಿದ ಕೋಟಿನಲ್ಲೇ ತಿರುಗಿದರು. "ಹೋದ ವಾರ ಅಳತೆ ಕೊಟ್ಟಿದೀನಿ!"

"ಒಂದು ವಾರದಲ್ಲಿ ಏನು ಬೇಕಾದರೂ ಆಗಬಹುದು ಸಾರ್. ನಮ್ಮ ಬೀದೀನೇ ನೋಡಿ." ಅನ್ನುತ್ತಲೇ ಅವರ ಸೊಂಟಕ್ಕೆ ಟೇಪು ಸುತ್ತಿ, ಎಲ್ಲರಿಗೂ ಕೇಳುವಂತೆ ಅಂಕಿ ಓದಿದೆ.

ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. "ಸಾರ್... ಕೆಂಪು!"

ಸಾಹೇಬರು ಕುರ್ಚಿಗೆ ಕುಸಿದರು. "ನಾನಾ? ಅಭಿಯಾನದ ಮುಖ್ಯಸ್ಥ ನಾನು! ನಮ್ಮ ಮೇಲಿನವರಿಗೆ ಗೊತ್ತಾದ್ರೆ..." ಜನರ ಮುಖದಲ್ಲಿ ಬಹುದಿನಗಳ ನಂತರ ಒಂದು ಸಂತೋಷ ಮೂಡಿತು. ಕೆಂಪು ಚೀಟಿ ಒಬ್ಬರಿಗೇ ಬಿದ್ದರೆ ಅವಮಾನ, ಮುಖ್ಯಸ್ಥರಿಗೇ ಬಿದ್ದರೆ ಬಹುಮಾನ.

ಕನ್ನಡಕ ಒರೆಸಿಕೊಳ್ಳುತ್ತಿದ್ದ ಟೀಚರಮ್ಮನಿಗೆ ಮಾತ್ರ ಸಮಾಧಾನವಿಲ್ಲ. "ಒಂದು ನಿಮಿಷ ಇರಿ," ಎಂದು ಒಳಗೆ ಹೋಗಿ ಕಪ್ಪುಹಲಗೆಯ ಮೇಲೆ ಗೆರೆ ಎಳೆಯುವ ಉದ್ದನೆಯ ಮರದ ಅಳತೆಪಟ್ಟಿ ತಂದರು. "ಯಾರು ದಪ್ಪ ಅಂತ ಆಮೇಲೆ ನೋಡೋಣ. ಆ ಟೇಪನ್ನ ಇದರ ಪಕ್ಕ ಇಡಿ ಟೈಲರ್."

ನಾನು ನಗುತ್ತ ಇಟ್ಟೆ. ಯಾಕೆ ನಗಬಾರದು? ಒಂದು ತುದಿಗೆ ಒಂದು ತುದಿ ಸೇರಿಸಿ, ಅಂಗೈಯಿಂದ ಉದ್ದಕ್ಕೂ ನೀವಿದೆ. ಟೇಪು ಮೂವತ್ತಾರು ಅನ್ನುವ ಜಾಗದಲ್ಲಿ ಮರದ ಪಟ್ಟಿ ಮೂವತ್ತಮೂರು ಅನ್ನುತ್ತಿತ್ತು.

ನನ್ನ ಅಂಗೈ ಅಲ್ಲಿಯೇ ನಿಂತಿತು. ಅಂಕಿಗಳ ಮೇಲೆ ಮುಚ್ಚಳದ ಹಾಗೆ. ನನ್ನೊಬ್ಬನ ಕಣ್ಣಿಗೆ ಬಿಟ್ಟು ಬೇರೆ ಯಾರಿಗೂ ಅದು ಕಂಡಿರಲಿಲ್ಲ. ನಾನು ಟೇಪನ್ನು ಮೆಲ್ಲಗೆ ಎಳೆದೆ. ಬರಲಿಲ್ಲ. ಗುರುವನ್ನು ನೆನೆದು ಎಳೆದೆ. ಸೋಡಾಪುಡಿಯಲ್ಲಿ ಕುದ್ದ ಹತ್ತಿ ಗುರುವಿನ ಮಾತನ್ನೂ ಕೇಳುವುದಿಲ್ಲ.

"ಏನಾಯ್ತು?" ಟೀಚರಮ್ಮ ಕೇಳಿದರು.

"ಮರದ ಪಟ್ಟಿ ಸ್ವಲ್ಪ ಸೊಟ್ಟಗಿರೋ ಹಾಗಿದೆ," ಎಂದೆ.

ಆಗಲೇ ಅಂಗಳದ ಗೇಟು ದಡಾರನೆ ತೆರೆದುಕೊಂಡಿತು. ನನ್ನ ಹೆಂಡತಿ. ಚಪ್ಪಲಿಯಿಲ್ಲ, ಸೆರಗು ಸೊಂಟಕ್ಕೆ ಸುತ್ತಿದ್ದಾಳೆ. ಜನರನ್ನು ಸೀಳಿಕೊಂಡು ವೇದಿಕೆಯ ಬುಡಕ್ಕೆ ಬಂದು ನಿಂತಳು.

"ರೀ, ಗುಜರಿ ಗಾಡಿ ಬಂದಿದೆ. ಭಟ್ಟಿ ಹೇರ್ತಿದಾರೆ. ಅಣ್ಣ ಗೋಡೆ ಕಡೆ ತಿರುಗಿ ನಿಂತಿದಾನೆ ಕಣ್ರೀ, ನೋಡಕ್ಕಾಗ್ತಿಲ್ಲ."

ಅಷ್ಟೇ ಅಂದಳು. ಟೇಪಿನ ಬಗ್ಗೆ ಒಂದು ಮಾತೂ ಇಲ್ಲ.

ಒಂದು ಕಡೆ ನನ್ನ ಹೆಸರು, ಇನ್ನೊಂದು ಕಡೆ ಗೋಡೆಗೆ ಮುಖ ಮಾಡಿ ನಿಂತ ಆ ದೊಡ್ಡ ಬೆನ್ನು. ನನ್ನ ಹೆಸರು ಎಷ್ಟು ದೊಡ್ಡದೆಂದು ನಿಮಗೆ ಮೊದಲೇ ಹೇಳಿದ್ದೇನೆ. ಭಾವನ ಬೆನ್ನು ಅದಕ್ಕಿಂತಲೂ ಅಗಲ. ನಾನು ಅಂಗೈ ತೆಗೆದೆ. ಮೈಕಿಗೆ ಬಾಯಿಟ್ಟು, ಲೋಕದಲ್ಲಿ ಯಾವ ಟೈಲರನೂ ಹೇಳದ ಮಾತನ್ನು ಹೇಳಿದೆ.

"ಬಂಧುಗಳೇ, ನನ್ನ ಟೇಪು ಕುಗ್ಗಿದೆ. ನೀವ್ಯಾರೂ ದಪ್ಪ ಆಗಿಲ್ಲ. ಸಾಹೇಬರೂ ಆಗಿಲ್ಲ. ಕೋಟೇ ಚಿಕ್ಕದು."

ಇಡೀ ಬೀದಿ ಒಟ್ಟಿಗೆ ಬಾಯಿ ತೆರೆದು, ಒಟ್ಟಿಗೆ ಮುಚ್ಚುವುದನ್ನು ಮರೆಯಿತು. ಅಷ್ಟು ದಿನ ಸಕ್ಕರೆಯಿಲ್ಲದ ಚಹಾ ಕುಡಿದ ಕಣ್ಣುಗಳೆಲ್ಲ ನನ್ನ ಮೇಲೆ. ನಾನು ವೇದಿಕೆಯಿಂದ ಹಿಂದೆ ಹಾರಲು ಎಷ್ಟು ಎತ್ತರವಿದೆ ಎಂದು ಅಂದಾಜು ಮಾಡಿದೆ. ಟೇಪನ್ನು ನಂಬುವಂತಿರಲಿಲ್ಲ.

"ಟೇಪು ಕುಗ್ಗೋದು ಅಂದ್ರೆ ಏನಯ್ಯಾ?" ಸಾಹೇಬರು ಎದ್ದು ನಿಂತರು, ಈಗ ಅವರಿಗೆ ಉಸಿರು ಸರಾಗ ಬರುತ್ತಿತ್ತು. "ಸರ್ಕಾರದ ಅಭಿಯಾನ ಇದು! ಯಾವ ಮೂರ್ಖ ಬಟ್ಟೆ ಟೇಪನ್ನ ಕುದಿಸಿದ್ದು?"

"ನಾನೇ ಸಾರ್," ಎಂದಳು ನನ್ನ ಹೆಂಡತಿ ಕೆಳಗಿನಿಂದ. "ಸಿಸ್ಟರ್ ಹೇಳಿದ್ರು."

ಸಾಹೇಬರು ನರ್ಸಮ್ಮನ ಕಡೆ ತಿರುಗಿದರು. ನರ್ಸಮ್ಮ ಸೆಟೆದು ನಿಂತು, ಪಾಠ ಒಪ್ಪಿಸುವ ದನಿಯಲ್ಲಿ, "ಜನರ ಮೈಗೆ ತಾಗೋದನ್ನೆಲ್ಲ ಕುದಿಸಲೇಬೇಕು, ಯಾರಿಗೂ ವಿನಾಯಿತಿ ಇಲ್ಲ. ನಿಮ್ಮದೇ ಆರ್ಡರ್ ಸಾರ್," ಎಂದರು.

ಸಾಹೇಬರ ಬಾಯಿಂದ ಮುಂದಿನ ಮಾತು ಬರುವ ಹೊತ್ತಿಗೆ ದನಿ ಬೆಣ್ಣೆಯಾಗಿತ್ತು. "ಈ ವಿಷಯ... ಈ ಕಾಂಪೌಂಡ್ ದಾಟಿ ಹೊರಗೆ ಹೋಗೋದು ಬೇಡ."

ಎಲ್ಲರೂ ರೇಡಿಯೋನನ್ನು ಹುಡುಕಿದರು. ಅವನ ಬೆಂಚು ಆಗಲೇ ಖಾಲಿ.

ನನ್ನನ್ನು ಹರಿದು ಹಂಚುತ್ತಾರೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ನಿವೃತ್ತ ಗುಮಾಸ್ತರು ನಿಧಾನವಾಗಿ ಎದ್ದು, ತಮ್ಮ ಪ್ಯಾಂಟಿನ ಮೇಲೆ ಕೈಯಿಟ್ಟು, "ಹಾಗಾದ್ರೆ ಕೇಕು ತಿನ್ನಬಹುದಾ?" ಎಂದು ಕೇಳಿದರು. ನರ್ಸಮ್ಮ, "ಮಿತವಾಗಿ..." ಎಂದು ಆರಂಭಿಸಿದರು. ಆ ವಾಕ್ಯದ ಉಳಿದ ಭಾಗವನ್ನು ಕೇಳಲು ಅಂಗಳದಲ್ಲಿ ಯಾರೂ ಇರಲಿಲ್ಲ.

ಬೀದಿಗೆ ಬೀದಿಯೇ ಬೇಕರಿಯತ್ತ ನುಗ್ಗಿತು. ಬೇಕರಿ ಖಾಲಿ. ಭಟ್ಟಿ ಇದ್ದ ಕಡೆ ನೆಲದ ಮೇಲೆ ಕಪ್ಪು ಚೌಕ ಮಾತ್ರ. ಅದರ ಪಕ್ಕ ಒಂದು ಟ್ರಂಕಿನ ಮೇಲೆ ಭಾವ, ಪ್ರಯಾಣದ ಅಂಗಿ ತೊಟ್ಟು ಕೂತಿದ್ದ. ಇಷ್ಟು ಜನ ಒಮ್ಮೆಗೇ ಬಾಗಿಲು ತುಂಬಿದ್ದನ್ನು ಕಂಡು ಎದ್ದು ಗೋಡೆಗೆ ಒತ್ತಿಕೊಂಡ.

"ಹೋಗ್ತಾ ಇದೀನಲ್ಲಪ್ಪಾ!" ಎಂದ. "ಹೊಡೀಬೇಡಿ!"

"ಅಣ್ಣಾ, ಭಟ್ಟಿ ಎಲ್ಲಿ?" ನನ್ನ ಹೆಂಡತಿ ಅವನ ತೋಳು ಹಿಡಿದು ಅಲುಗಿಸಿದಳು.

ಅವನು ಇಳಿಜಾರಿನ ಕಡೆ ಬೆರಳು ತೋರಿಸಿದ.

ಗುಜರಿಯವನ ತಳ್ಳುಗಾಡಿ ಬೀದಿಯ ಬುಡ ಮುಟ್ಟುವುದರಲ್ಲಿತ್ತು. ಇಡೀ ಬೀದಿ ಬೊಬ್ಬೆ ಹೊಡೆಯುತ್ತ ತನ್ನ ಕಡೆ ಉರುಳಿ ಬರುತ್ತಿರುವುದನ್ನು ಕಂಡು ಅವನು ಗಾಡಿ ಬಿಟ್ಟು ಮರ ಹತ್ತಿದ. "ನಂಗೆ ಕಬ್ಬಿಣ ಬೇಡ, ಏನೂ ಬೇಡ," ಎಂದು ಮೇಲಿನಿಂದಲೇ ವ್ಯಾಪಾರ ರದ್ದು ಮಾಡಿದ.

ಇಳಿಯುವುದು ಸುಲಭ. ಆ ಭಟ್ಟಿಯನ್ನು ಏರು ಹತ್ತಿಸುವುದಿದೆಯಲ್ಲ, ಅದನ್ನು ನಾನು ವರ್ಣಿಸಿದರೆ ನೀವು ನಂಬುವುದಿಲ್ಲ, ಆದ್ದರಿಂದ ಕಡಿಮೆ ಮಾಡಿಯೇ ಹೇಳುತ್ತೇನೆ: ಅದು ಒಂದು ಬೆಟ್ಟದಷ್ಟು ತೂಕವಿತ್ತು. ಟೀಚರಮ್ಮ ಒಂದು ಕಡೆ, ಗುಮಾಸ್ತರು ಇನ್ನೊಂದು ಕಡೆ. ರೇಡಿಯೋ ತನ್ನ ಒಳಗಿನ ದಪ್ಪವನ್ನೆಲ್ಲ ಹಾಕಿ ಒತ್ತಿದ. ಅತ್ತೆ ಸೊಸೆಯರು ಜೀವನದಲ್ಲಿ ಮೊದಲ ಸಲ ಒಂದೇ ದಿಕ್ಕಿಗೆ ತಳ್ಳಿದರು. ದೊಡ್ಡ ಡಾಕ್ಟರ್ ಬೆನ್ನು ತೆರೆದ ಕೋಟಿನಲ್ಲೇ ಬಂದು ಹೆಗಲು ಕೊಟ್ಟರು. ಗಾಳಿ ಚೆನ್ನಾಗಿ ಆಡುತ್ತದೆ ಎಂದು ನನ್ನ ಹೊಲಿಗೆಯನ್ನು ಹೊಗಳಿದರು ಕೂಡ. ಗಾಡಿ ಬೇಕರಿಯ ಮುಂದೆ ನಿಂತಾಗ ಒಬ್ಬೊಬ್ಬರ ಬಟ್ಟೆಯನ್ನೂ ಹಿಂಡಬಹುದಾಗಿತ್ತು.

"ಸಾರ್!" ನರ್ಸಮ್ಮ ಏದುಸಿರು ಬಿಡುತ್ತ ಕಣ್ಣರಳಿಸಿದರು. "ನಾವು ಇಷ್ಟು ದಿನ ಭಾಷಣ ಮಾಡಿ ಬೇಡಿದ್ದು ಇದನ್ನೇ ಅಲ್ವಾ? ಕುಟುಂಬ ಸಮೇತ ವ್ಯಾಯಾಮ!"

ಸಾಹೇಬರು ಹಿಂದೆ ಮುಂದೆ ನೋಡಿ, ಫೋಟೋಗ್ರಾಫರನಿಗೆ ಕಣ್ಸನ್ನೆ ಮಾಡಿದರು. ಅವನು ಹಣೆಯ ಬುಗುಟು ಒತ್ತಿಕೊಳ್ಳುತ್ತಲೇ, "ಆಗಲೇ ತೆಗೆದಾಯ್ತು ಸಾರ್, ದಾರಿಯಲ್ಲೇ," ಎಂದ.

ಭಾವ ಭಟ್ಟಿಯನ್ನು ಕಪ್ಪು ಚೌಕದ ಮೇಲೆ ಕೂರಿಸಿದ. ಪ್ರಯಾಣದ ಅಂಗಿಯ ತೋಳು ಮಡಚಿದ. ಹಿಟ್ಟಿಗೆ ಕೈಹಾಕಿದ. ಹಿಟ್ಟು ಹುದುಗೇಳುವವರೆಗೂ ಜನ ಬಾಗಿಲಲ್ಲೇ ಕಾದರು. ಮೊದಲ ಬನ್ನುಗಳು ಉಬ್ಬಿ ಬಂದಾಗ ಅದರಲ್ಲೊಂದನ್ನು ನನ್ನ ಮುಂದೆ ಹಿಡಿದ.

"ತಗೋ ಟೈಲರ್. ಬೀದಿ ಎದುರಿಗೆ ಮೂಗು ಕುಯ್ಸಿಕೊಂಡೆಯಂತೆ, ನನಗೋಸ್ಕರ?"

"ನಿನಗೋಸ್ಕರ ಯಾಕೆ ಭಾವ? ಸತ್ಯಕ್ಕೋಸ್ಕರ," ಎಂದೆ. ಬನ್ನು ಸುಡುತ್ತಿದ್ದರಿಂದ ನನ್ನ ಕಣ್ಣಲ್ಲಿ ನೀರು ಬಂತು. ಹೆಂಡತಿ ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡು ನನ್ನ ಪಕ್ಕಕ್ಕೆ ಬಂದು ನಿಂತಳು. ನಾನು ತಿದ್ದಲು ಹೋಗಲಿಲ್ಲ.

ಆ ಫೋಟೋ ಈಗ ಪಟ್ಟಣದ ಗೋಡೆ ಗೋಡೆಯ ಮೇಲಿದೆ. ಭಟ್ಟಿ ಕಾಣಬಾರದೆಂದು ಇಲಾಖೆಯವರು ಸರಿಯಾಗಿ ಅದರ ಮೇಲೆಯೇ 'ಗಟ್ಟಿ ಕುಟುಂಬ, ಗಟ್ಟಿ ನಾಡು' ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದಾರೆ. ಬೆವರು ಸುರಿಸುತ್ತ ಇಡೀ ಬೀದಿ ಆ ಅಕ್ಷರಗಳನ್ನೇ ತಳ್ಳುತ್ತಿರುವಂತೆ ಕಾಣುತ್ತದೆ. ಎಲ್ಲರಿಗಿಂತ ಮುಂದೆ, ಬಾಯಿ ಅಗಲಿಸಿ, ಕಣ್ಣು ಹೊರಗೆ ಬಂದು, ಒಂದು ಕೈ ಆಕಾಶಕ್ಕೆ ಎತ್ತಿ ಜನರನ್ನು ಹುರಿದುಂಬಿಸುತ್ತಿರುವ ವೀರ ನಾನೇ. ನೋಡಿದವರೆಲ್ಲ, "ಆಹಾ, ಎಂಥ ಉತ್ಸಾಹ! ಏನು ಘೋಷಣೆ ಕೂಗ್ತಿದ್ರಿ?" ಎಂದು ಕೇಳುತ್ತಾರೆ.

ನಾನು ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಹೇಳಿಬಿಡುತ್ತಾಳೆ.

"ಘೋಷಣೆ ಏನೂ ಅಲ್ಲ. 'ಗಾಡಿ ನಿಲ್ಸೀ, ಚಕ್ರ ನನ್ನ ಕಾಲ ಮೇಲಿದೆ' ಅಂತಿದ್ರು."